ಸೊನ್ನೆಗಿಂತ ಕೆಳಗೆ ಹರಿದ ನೀರು

ಹಳ್ಳ, ಹೊಳೆಗಳಲ್ಲಿ ಎಷ್ಟು ನೀರು ಹರಿಯಿತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಚಿಕ್ಕಮಗಳೂರಿನಲ್ಲಿ ಸೇರಿದ ಎರಡನೇ ವರ್ಷ ಎರಡು ಹಳ್ಳಗಳ ಹಳೇ ಪುಸ್ತಕಗಳನ್ನು ಕೈಗೆ ಕೊಟ್ಟು, ಒಂದು ವರದಿ ಬರಿ ಅಂದರು. ಒಂದು ಮೂಡಿಗೆರೆ ಕಡೆಯ ಹಳ್ಳ, ಮುಂದೆ ಹೇಮಾವತಿ ಸೇರುತ್ತದೆ. ಇನ್ನೊಂದು ಕಡೂರು ಕಡೆಯದು, ವೇದಾವತಿಗೆ ಹೋಗುತ್ತದೆ. ಜಿಲ್ಲೆ ಒಂದೇ. ಆದರೆ ಒಂದು ಕಡೆ ಕೊಡೆ ಹಿಡಿದು ಕೈ ನೋವು, ಇನ್ನೊಂದು ಕಡೆ ಮೋಡ ನೋಡಿ ಕತ್ತು ನೋವು. ಇಷ್ಟು ವರ್ಷಗಳಲ್ಲಿ ಇವುಗಳ ಹರಿವು ಎಷ್ಟು ಬದಲಾಗಿದೆ, ಯಾಕೆ? ಇದು ಪ್ರಶ್ನೆ.

ಮೂರೇ ದಿನದಲ್ಲಿ ಗ್ರಾಫ್ ರೆಡಿಯಾಯಿತು. ಮೂಡಿಗೆರೆ ಹಳ್ಳದ ಬೇಸಿಗೆ ಹರಿವು ಕೊನೆಯ ಕೆಲವು ವರ್ಷಗಳಲ್ಲಿ ಧಡಕ್ಕನೆ ಇಳಿದಿತ್ತು. ಮಳೆ ಹಾಗೆ ಇಳಿದಿರಲಿಲ್ಲ. ಮಾನ್-ಕೆಂಡಾಲ್ ಪರೀಕ್ಷೆ ಹಾಕಿದೆ. ವರ್ಷ ವರ್ಷದ ಅಂಕಿಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ, ಏರಿಳಿತ ಸುಮ್ನೆ ಬಂದದ್ದೋ ಅಲ್ಲವೋ ಎಂದು ನೋಡುವ ಲೆಕ್ಕ ಅದು. ಇಳಿಕೆ ಸುಮ್ನೆ ಬಂದದ್ದಲ್ಲ ಎಂದಿತು. ನನಗೆ ಖುಷಿಯೋ ಖುಷಿ. ಹಳ್ಳ ಬತ್ತಿದ್ದಕ್ಕೆ ಖುಷಿಪಡುವ ಉದ್ಯೋಗ ನಮ್ಮದು, ಏನು ಮಾಡೋದು.

ಮಳೆ ಕಾರಣವಲ್ಲ ಅಂದರೆ ನೆಲವೇ ಕಾರಣ, ಅಲ್ವಾ? ಗದ್ದೆ ಹೋಗಿ ಶುಂಠಿ ಬಂತು, ಕಾಫಿ ತೋಟದಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಬಂತು. ಓದಿದ್ದೂ ತಲೆಯಲ್ಲಿತ್ತು. 1982ರಲ್ಲಿ ಬಾಷ್ ಮತ್ತು ಹ್ಯೂಲೆಟ್ ಎಂಬಿಬ್ಬರು ಬೇರೆ ಬೇರೆ ದೇಶಗಳ 94 ಜಲಾನಯನಗಳ (ಒಂದು ಹೊಳೆಗೆ ನೀರು ಹರಿಸುವ ಇಡೀ ನೆಲ) ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ್ದರು. ನೂರರಲ್ಲಿ ಹತ್ತು ಭಾಗ ನೆಲದಲ್ಲಿ ಪೈನ್ ಅಥವಾ ನೀಲಗಿರಿ ಹೆಚ್ಚು ಕಡಿಮೆಯಾದರೆ, ವರ್ಷದ ಹರಿವಿನಲ್ಲಿ ಸುಮಾರು 40 ಮಿಲಿಮೀಟರ್ ವ್ಯತ್ಯಾಸ, ಅಂದರೆ ಆ ನೀರನ್ನು ಇಡೀ ಜಲಾನಯನದ ಮೇಲೆ ಹರಡಿದರೆ ನಿಲ್ಲುವ ಎತ್ತರ. ಎಲೆ ಉದುರಿಸುವ ಮರಗಳಾದರೆ 25, ಕುರುಚಲಾದರೆ 10. ಮರ ಜಾಸ್ತಿಯಾದರೆ ಹೊಳೆಗೆ ನೀರು ಕಮ್ಮಿ, ಕಡಿದರೆ ಜಾಸ್ತಿ. ಕೇಳುವವರಿಗೆ ಇದು ಉಲ್ಟಾ ಅನಿಸುತ್ತದೆ, ಆದರೆ ವರ್ಷದ ಮೊತ್ತದ ಲೆಕ್ಕ ಹಾಗೇ ಇದೆ. ಇನ್ನೊಂದು ಮಾತೂ ಅದರಲ್ಲಿತ್ತು. ಮಳೆ ಜಾಸ್ತಿ ಇರುವ ಕಡೆ ಬದಲಾವಣೆ ದೊಡ್ಡದು, ಆದರೆ ಬೇಗ ಮಾಯವಾಗುತ್ತದೆ, ಯಾಕೆಂದರೆ ಗಿಡ ಬೇಗ ಚಿಗುರಿ ನೆಲ ಮುಚ್ಚುತ್ತದೆ. ಒಣನೆಲದಲ್ಲಿ ಬದಲಾವಣೆ ಚಿಕ್ಕದು, ಆದರೆ ಬಹುಕಾಲ ಉಳಿಯುತ್ತದೆ. ಇದನ್ನೆಲ್ಲ ಸೇರಿಸಿ ಇಪ್ಪತ್ತು ಪುಟ ಬರೆದೆ.

ಮುಖಪುಟಕ್ಕೆ ಒಂದು ಫೋಟೋ ಬೇಕಿತ್ತು. ಅದಕ್ಕೇ ಮೂಡಿಗೆರೆಗೆ ಹೋದದ್ದು, ಬೇರೇನಕ್ಕೂ ಅಲ್ಲ. ಜನವರಿ ಕೊನೆ. ಸೇತುವೆ ಕಂಬಕ್ಕೆ ಗೇಜ್ ಪಟ್ಟಿ ಬಡಿದಿದೆ. ಪಕ್ಕದ ಊರಿನ ಹಿರಿಯರೊಬ್ಬರು ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ನೀರಿನ ಮಟ್ಟ ಓದಿ ಬರೆದಿಡುತ್ತಾರೆ. ಅವತ್ತಿನ ಪುಸ್ತಕದಲ್ಲಿ 'ಸೊನ್ನೆ' ಎಂದಿತ್ತು. ಕೆಳಗೆ ನೋಡಿದರೆ ಮೊಣಕಾಲುದ್ದ ನೀರು ಜುಳುಜುಳು ಅಂತ ಹರಿಯುತ್ತಿದೆ!

"ಇದೇನಣ್ಣ, ಸೊನ್ನೆ ಬರ್ದಿದೀರಾ?"

"ಪಟ್ಟಿಗೆ ನೀರು ಮುಟ್ಟದಿದ್ರೆ ಸೊನ್ನೆ ಬರೀರಿ ಅಂದಿದ್ರು ಮೇಡಂ. ಮುಟ್ಟೋದೆಲ್ಲಿಂದ? ಮರಳು ತುಂಬ್ಕೊಂಡು ಹೋದ್ರಲ್ಲ, ತಳ ಕೆಳಗಿಳೀತು."

ನಾನು ಬಂಡೆಯ ಮೇಲೆ ಕೂತುಬಿಟ್ಟೆ.

ವಿಷಯ ಇಷ್ಟೇ. ನಾವು ದಿನಾ ಅಳೆಯುವುದು ಹರಿವನ್ನಲ್ಲ, ಮಟ್ಟವನ್ನು. ಆಗಾಗ ಹಳ್ಳಕ್ಕಿಳಿದು, ಕರೆಂಟ್ ಮೀಟರಿನಲ್ಲಿ ನೀರಿನ ವೇಗ ಹಿಡಿದು, ಅಗಲ ಆಳ ಅಳೆದು ನಿಜವಾದ ಹರಿವು ಲೆಕ್ಕ ಹಾಕುತ್ತೇವೆ. ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂದು ಒಂದು ಗೆರೆ ಎಳೆದಿಡುತ್ತೇವೆ. ಅದಕ್ಕೆ ರೇಟಿಂಗ್ ಕರ್ವ್ ಅನ್ನುತ್ತಾರೆ. ಆಮೇಲೆ ದಿನದ ಮಟ್ಟವನ್ನು ಆ ಗೆರೆಗೆ ಹಿಡಿದರೆ ಆಯಿತು. ತಳ ಒಂದಡಿ ಕುಸಿದರೆ ಅಷ್ಟೇ ನೀರು ಕೆಳಮಟ್ಟದಲ್ಲಿ ಹರಿಯುತ್ತದೆ, ಹಳೇ ಗೆರೆ ಅದನ್ನು ಕಮ್ಮಿ ನೀರು ಎನ್ನುತ್ತದೆ. ಮಳೆಗಾಲದ ತುಂಬು ಹೊಳೆಯಲ್ಲಿ ಆ ಒಂದಡಿ ಅಷ್ಟಾಗಿ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಆ ಒಂದಡಿಯೇ ಇಡೀ ಹಳ್ಳ. ನನ್ನ ಗ್ರಾಫಿನಲ್ಲಿ ಬೇಸಿಗೆ ಮಾತ್ರ ಬಿದ್ದದ್ದು ಯಾಕೆಂದು ಆಗ ಹೊಳೆಯಿತು. ಇದು ಉಲ್ಟಾನೂ ಆಗಬಹುದು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಕುಸಿದವಲ್ಲ, ಹಾಗೆ ಬಂದ ಮಣ್ಣು ತಳಕ್ಕೆ ತುಂಬಿಕೊಂಡರೆ ಇಲ್ಲದ ನೀರೂ ಲೆಕ್ಕಕ್ಕೆ ಬರುತ್ತದೆ.

ವರದಿ ವಾಪಸ್ ತೆಗೆದುಕೊಂಡೆ. ಬೈಸಿಕೊಂಡದ್ದು ಬಿಡಿ. ಹೊಸದಾಗಿ ಅಳತೆ ಮಾಡಿ, ಪಟ್ಟಿ ಕೆಳಕ್ಕಿಳಿಸಿ, ಹೊಸ ಗೆರೆ ಎಳೆಯುವುದಕ್ಕೆ ಎರಡು ಮಳೆಗಾಲ ಬೇಕಾಯಿತು. ಇಳಿಕೆಯ ಬಹುಪಾಲು ಮಾಯವಾಯಿತು. ಉಳಿದದ್ದು ಫೆಬ್ರವರಿ, ಮಾರ್ಚಿನ ಕೆಲವು ವಾರ ಮಾತ್ರ. ಅದಕ್ಕೆ ಹವಾಮಾನ ಕಾರಣ ಅಂತ ಬರೆಯಲು ಕೈ ತುರಿಸುತ್ತಿತ್ತು, ಆದರೆ ಈ ಸಲ ಮೊದಲು ಹಿರಿಯರನ್ನೇ ಕೇಳಿದೆ. ಅವರು ನಕ್ಕರು. "ಹೂಮಳೆ ಬರದಿದ್ರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕ್ಬೇಕಲ್ಲ ಮೇಡಂ. ಹೂವಿಗೊಂದ್ಸಲ, ಆಮೇಲೆ ಬ್ಯಾಕಿಂಗ್‌ಗೆ ಇನ್ನೊಂದ್ಸಲ. ನೀರು ಎಲ್ಲಿಂದ ತರ್ತಾರೆ?" ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬ್ಯಾಕಿಂಗ್ ಅಂದರೆ ಹೂವು ಕಾಯಿ ಕಟ್ಟಲು ಕೊಡುವ ಎರಡನೇ ನೀರು. ಹಳ್ಳದುದ್ದಕ್ಕೂ ಮೋಟರುಗಳು. ಹೂಮಳೆ ಸರಿಯಾಗಿ ಬಿದ್ದ ವರ್ಷ ಆ ತಗ್ಗೇ ಇರುತ್ತಿರಲಿಲ್ಲ.

ಕಡೂರಿನ ಹಳ್ಳದ ಕತೆ ಬೇರೆ. ಅಲ್ಲಿ ತಳ ಅಲುಗಿರಲಿಲ್ಲ, ಇಳಿಕೆ ನಿಜವೇ ಆಗಿತ್ತು. ಮಳೆ ಬಿದ್ದಾಗ ನೀರು ಬರುತ್ತಿತ್ತು, ಆದರೆ ಮಳೆ ನಿಂತ ಮೇಲೆ ಹರಿಯುವ ದಿನಗಳು ಕಮ್ಮಿಯಾಗಿದ್ದವು. ಮೊದಲು ನೆಲದ ಒರತೆ ಹಳ್ಳಕ್ಕೆ ಬರುತ್ತಿತ್ತು. ಬೋರ್‌ವೆಲ್‌ಗಳಿಂದ ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಹೋದ ಮೇಲೆ ಹಳ್ಳದ ನೀರೇ ನೆಲಕ್ಕೆ ಇಂಗತೊಡಗಿತು. ಮೂಡಿಗೆರೆಯ ಪಾಠ ಕಲಿತು ಇಲ್ಲಿಯೂ ಅಳತೆಯ ತಪ್ಪೇ ಇರಬೇಕೆಂದು ಒಂದು ತಿಂಗಳು ಹುಡುಕಿದ್ದೆ ಅನ್ನೋದು ಬೇರೆ ಮಾತು.

ಈಗ ನಮ್ಮ ಪುಸ್ತಕದಲ್ಲಿ ಮಟ್ಟದ ಪಕ್ಕ 'ವಿಶೇಷ' ಅಂತ ಒಂದು ಅಂಕಣ ಇದೆ. ಮರಳು ತೆಗೆದರೆ, ಮರ ಬಿದ್ದರೆ, ಮೋಟರ್ ಓಡುತ್ತಿದ್ದರೆ ಅಲ್ಲಿ ಬರೆಯಬೇಕು. ಮೂಡಿಗೆರೆಯ ಹಿರಿಯರು ಮೊದಲ ದಿನ ಬರೆದದ್ದು ಹೀಗಿತ್ತು: "ಮೋಟರ್ ಮೂರು. ಒಂದು ನಮ್ಮದೇ."