ಗೆಂಡೆ ಮೀನಿಗೆ ಸೋಯಾ ಹಿಂಡಿ: ಎಷ್ಟು ಹಾಕಬೇಕು, ಎಲ್ಲಿ ಕೆಡುತ್ತದೆ

ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಯಾವುದಕ್ಕೂ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಆಮ್ಲದಲ್ಲಿ ನೆನೆಯುವುದಿಲ್ಲ. ಮೀನಿನ ಪುಡಿ ಕಡಿಮೆ ಮಾಡಿ ಸೋಯಾ ಹೆಚ್ಚಿಸಿದಾಗ ಬರುವ ತೊಂದರೆಗಳಲ್ಲಿ ಹಲವಕ್ಕೆ ಮೂಲ ಇದೇ.

ಆದರೂ ಸೋಯಾ ಹಾಕಲೇಬೇಕು ಎನ್ನುವ ಪಕ್ಷ ನನ್ನದು. ಮನೆಮನೆಯಲ್ಲಿ ಸಾರಾಗಬೇಕಾದ ಭೂತಾಯಿ ಮೀನನ್ನು ಪುಡಿ ಮಾಡಿ, ಒಳನಾಡಿನ ಹೊಂಡದ ಗೆಂಡೆಗೆ ತಿನ್ನಿಸುವುದು ಸರಿಯಲ್ಲ. ಗೆಂಡೆಗೆ ಅದರ ಅಗತ್ಯವೂ ಅಷ್ಟಿಲ್ಲ.

ಬೆಳೆಯುವ ಹಂತದ ಗೆಂಡೆಗೆ ಆಹಾರದಲ್ಲಿ ಶೇ. 28ರಷ್ಟು ಪ್ರೋಟೀನ್ ಇದ್ದರೆ ಸಾಕು. 100 ಕೆಜಿ ಆಹಾರಕ್ಕೆ ಸೋಯಾ ಹಿಂಡಿ 25 ಕೆಜಿ, ಶೇಂಗಾ ಹಿಂಡಿ 13, ಎಳ್ಳು ಹಿಂಡಿ 10, ಅಕ್ಕಿ ತೌಡು 39, ಮೀನಿನ ಪುಡಿ 4, ಮೆಕ್ಕೆಜೋಳದ ಹಿಟ್ಟು 6, ಮೋನೋಕ್ಯಾಲ್ಸಿಯಂ ಫಾಸ್ಫೇಟ್ 1.5, ಖನಿಜ-ವಿಟಮಿನ್ ಮಿಶ್ರಣ 1, ಉಪ್ಪು ಅರ್ಧ ಕೆಜಿ. ಸೋಯಾ ಹಿಂಡಿಯಲ್ಲಿ ಪ್ರೋಟೀನ್ ಶೇ. 46, ಶೇಂಗಾ ಹಿಂಡಿಯಲ್ಲಿ 42, ಎಳ್ಳು ಹಿಂಡಿಯಲ್ಲಿ 38, ತೌಡಿನಲ್ಲಿ 12 ಎಂದು ಹಿಡಿದ ಲೆಕ್ಕ ಇದು. ಕೊಂಡ ಚೀಲದ ಮೇಲಿನ ಅಂಕಿ ಬೇರೆಯಿದ್ದರೆ ತೌಡನ್ನು ಹೆಚ್ಚುಕಡಿಮೆ ಮಾಡಿ ಸರಿದೂಗಿಸಿ.

ಎಳ್ಳು ಹಿಂಡಿ ಏಕೆ? ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಸೋಯಾದಲ್ಲಿ ಚೆನ್ನಾಗಿದೆ, ಮೆಥಿಯೋನಿನ್ ಕಡಿಮೆ, ಎಳ್ಳಿನಲ್ಲಿ ತಿರುವುಮುರುವು. ಅಂಗಡಿಯ ಮೆಥಿಯೋನಿನ್ ಪುಡಿ ಬೆರೆಸಿದರೆ ಜಠರವಿಲ್ಲದ ಮೀನಿನಲ್ಲಿ ಅದು ಉಳಿದ ಪ್ರೋಟೀನ್ ಜೀರ್ಣವಾಗುವ ಮೊದಲೇ ರಕ್ತ ಸೇರಿ ಒಂದಿಷ್ಟು ವ್ಯರ್ಥ. ಎಳ್ಳಿನಲ್ಲಿ ಫೈಟೇಟ್ ಜಾಸ್ತಿ, ಹಾಗಾಗಿ 10 ಕೆಜಿ ದಾಟಬೇಡಿ.

ಫೈಟೇಟ್ ಎಂದರೆ ಕಾಳಿನ ರಂಜಕವನ್ನು ಕಟ್ಟಿಹಾಕಿರುವ ವಸ್ತು. ಕಾಳಿನಲ್ಲಿರುವ ರಂಜಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಸಿಕ್ಕಿಬಿದ್ದಿರುತ್ತದೆ. ಮೀನಿಗೆ ದಕ್ಕದೆ ನೀರಿಗೆ ಸೇರಿ ಪಾಚಿ ಬೆಳೆಸುತ್ತದೆ. ರಂಜಕ ಕೊರತೆಯಾದ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ, ತಲೆಯ ಮೂಳೆ ವಿಕಾರವಾಗುತ್ತದೆ, ಒಡಲಲ್ಲಿ ಕೊಬ್ಬು ತುಂಬುತ್ತದೆ. ಕೋಳಿ ಆಹಾರಕ್ಕೆ ಹಾಕುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಕರಗಲು ಆಮ್ಲ ಬೇಕು, ಅದರಿಂದ ಗೆಂಡೆಗೆ ಸಿಗುವುದು ಮೋನೋ ರೂಪದ ಅರ್ಧದಷ್ಟು ಮಾತ್ರ. ಮೋನೋ ದುಬಾರಿಯಾದರೂ ಇಲ್ಲಿ ಉಳಿತಾಯ ನೋಡಬೇಡಿ.

ಹಿಂಡಿ ಸಿಗದೆ ಇಡೀ ಸೋಯಾ ಕಾಳು ಬಳಸುವವರು ಹಸಿಯಾಗಿ ಬೀಸಿ ಹಾಕಬಾರದು. ಅದರಲ್ಲಿರುವ ಟ್ರಿಪ್ಸಿನ್ ತಡೆಯುವ ವಸ್ತು ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಒಣಗಿಸಿ ಬೀಸಿ. ಹುರಿದು ಕಂದು ಬಣ್ಣಕ್ಕೆ ತಂದರೆ ಲೈಸಿನ್ ಸಕ್ಕರೆಯೊಡನೆ ಬೆಸೆದುಕೊಂಡು ಮೀನಿಗೆ ಸಿಗದಂತಾಗುತ್ತದೆ. ಇಡೀ ಕಾಳಿನಲ್ಲಿ ಶೇ. 18ರಿಂದ 20 ಎಣ್ಣೆಯೂ ಇದೆ. ಹಿಂಡಿಯ ಜಾಗಕ್ಕೆ ಸಮಸಮ ಹಾಕಲಾಗದು. ಹುರುಳಿ, ಅಲಸಂದೆ, ತೊಗರಿ ನುಚ್ಚಿನಲ್ಲಿ ಪ್ರೋಟೀನ್ ಶೇ. 20ರ ಆಸುಪಾಸು, ಉಳಿದದ್ದು ಹೆಚ್ಚಾಗಿ ಪಿಷ್ಟ. ಬೇಯಿಸಿದರೆ ಒಳ್ಳೆಯ ಅಂಟಾಗುತ್ತದೆ, ಮೆಕ್ಕೆಜೋಳದ ಬದಲಿಗೆ ಬಳಸಬಹುದು.

ಶೇಂಗಾ ಹಿಂಡಿಯ ಬಗ್ಗೆ ಒಂದೇ ಮಾತು: ಮುಗ್ಗಲು ವಾಸನೆ ಬಂದರೆ ಗೊಬ್ಬರದ ಗುಂಡಿಗೂ ಹಾಕದೆ ದೂರ ಹೂತುಬಿಡಿ. ಮುಗ್ಗಲಿನ ವಿಷವಾದ ಅಫ್ಲಾಟಾಕ್ಸಿನ್ ಬೇಯಿಸಿದರೂ ಹೋಗುವುದಿಲ್ಲ, ಯಕೃತ್ತನ್ನು ಹಾಳುಮಾಡುತ್ತದೆ.

ಹಿಟ್ಟಿನ ಗಂಜಿ ಕಾಯಿಸಿ ಉಳಿದ ಪುಡಿಗಳಿಗೆ ಸೇರಿಸಿ ಗಟ್ಟಿಯಾಗಿ ಕಲಸಿ, ಹಬೆಯಲ್ಲಿ 20 ನಿಮಿಷ ಬೇಯಿಸಿ. ಬಿಸಿ ಆರಿದ ಮೇಲಷ್ಟೇ ವಿಟಮಿನ್ ಬೆರೆಸಿ, ಶಾವಿಗೆ ಒರಳಿನಲ್ಲಿ ಒತ್ತಿ, ನೆರಳಲ್ಲಿ ಕಟಕ್ಕನೆ ಮುರಿಯುವಷ್ಟು ಒಣಗಿಸಿ. ಒಂದು ಲೋಟ ನೀರಿಗೆ ನಾಲ್ಕು ಗುಳಿಗೆ ಹಾಕಿ ನೋಡಿ. ಅರ್ಧ ಗಂಟೆಯೊಳಗೆ ಕರಗಿದರೆ ಗಂಜಿ ಸಾಲದು.

ಮೀನಿನ ಒಟ್ಟು ತೂಕದ ಶೇ. 2ರಿಂದ 3ರಷ್ಟನ್ನು ದಿನಕ್ಕೆರಡು ಹೊತ್ತಿಗೆ ಹಂಚಿ ತಟ್ಟೆಯಲ್ಲಿಟ್ಟು ಇಳಿಬಿಡಿ. ಎರಡು ಗಂಟೆಯ ನಂತರ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ಮೋಡ ಕವಿದ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಆಹಾರವೇ ಬೇಡ.