ಜೀನ್ಸ್ ಕೆಲಸ: ಕೊನೆಗೂ ರಿವೆಟ್ ಕೂತಿತು

ನಾನೇ ಹೊಲಿಯುತ್ತಿರುವ ಜೀನ್ಸ್ ಪ್ಯಾಂಟಿನ ಬಲಗಡೆ ಮುಂಜೇಬಿನ ಎರಡೂ ಮೂಲೆಗಳಲ್ಲಿ ರಿವೆಟ್, ಅಂದರೆ ಜೇಬು ಹರಿಯದಂತೆ ಬಡಿಯುವ ಲೋಹದ ಮೊಳೆ, ಕೂತಿದೆ. ಅಪ್ಪಟ ತಾಮ್ರದ್ದು, ಬಳ್ಳಾರಿಯಲ್ಲೇ ಬಡಿದು ಮಾಡಿದ್ದು. ಯೋಕ್ (ಹಿಂಬದಿಯಲ್ಲಿ ಸೊಂಟದ ಕೆಳಗಿನ ಪಟ್ಟಿ), ಜೇಬು, ಒಳಹೊಲಿಗೆಯ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಚದರ ಗಜಕ್ಕೆ 13.5 ಔನ್ಸ್ ತೂಗುವ ಬಟ್ಟೆ, 18ನೇ ನಂಬರಿನ ಸೂಜಿ. ಹೊಲಿಗೆಗಳು ಒಂದರ ಮೇಲೊಂದು ಬರುವ ಕಡೆ ಮೊದಲೇ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದರೆ ಯಂತ್ರ ತಕರಾರಿಲ್ಲದೆ ದಾಟುತ್ತದೆ.

ನನ್ನ ಷರತ್ತು ಒಂದೇ: ಈ ಪ್ಯಾಂಟಿನ ಪ್ರತಿಯೊಂದು ಭಾಗವೂ ಈ ದೇಶದಲ್ಲಿ ತಯಾರಾಗಿರಬೇಕು. ಡೆನಿಮ್ ಅಹಮದಾಬಾದಿನದು. ದಾರ ತಮಿಳುನಾಡಿನದು. ಜಿಪ್ ವಿಷಯಕ್ಕೆ ಗೆಳೆಯರ ನಡುವೆ ದೊಡ್ಡ ಜಗಳವೇ ಆಯಿತು. ಜಿಪ್ ತಯಾರಿಸುವ ವೈಕೆಕೆ ಜಪಾನಿನ ಕಂಪನಿ ನಿಜ, ಆದರೆ ಅದಕ್ಕೆ ಹರಿಯಾಣದ ಬಾವಲ್‌ನಲ್ಲಿ ಕಾರ್ಖಾನೆಯಿದೆ. ಲಾಭ ಟೋಕಿಯೋಗೆ ಹೋಗಲಿ, ಸಂಬಳ ಬಟವಾಡೆಯಾಗುವುದು ಬಾವಲ್‌ನಲ್ಲಿ. ನನ್ನ ಲೆಕ್ಕದಲ್ಲಿ ಅಲ್ಲಿಯ ಜಿಪ್ ನಮ್ಮದು. ನಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಹೊರಗಿನಿಂದ ಬಂದಿಳಿದ ಪ್ಯಾಂಟು ನಮ್ಮದಲ್ಲ.

ರಿವೆಟ್ ಮಾತ್ರ ಸತಾಯಿಸಿಬಿಟ್ಟಿತು. ಜೀನ್ಸ್ ಹೊಲಿಯುವ ಊರಿನಲ್ಲಿ ರಿವೆಟ್‌ಗೆ ಬರವೇ? ತೂಕಕ್ಕೆ ಸಿಗುತ್ತದೆ, ಬೇಕಾದಷ್ಟು. ಎಲ್ಲಿಯದು ಎಂದು ಕೇಳಿದರೆ ಸಗಟು ಅಂಗಡಿಯವರದು ಒಂದೇ ಉತ್ತರ: “ದೆಹಲಿ ಮಾಲು.” ದೆಹಲಿಗೆ ಎಲ್ಲಿಂದ ಬಂತು ಎಂದರೆ ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. ಆಮದು ಮಾಲಿನ ಪೊಟ್ಟಣದ ಮೇಲೆ ಮೂಲ ದೇಶ ನಮೂದಿಸಬೇಕೆಂಬ ನಿಯಮವಿದೆ. ಆದರೆ ಮೂಟೆ ಬಿಚ್ಚಿ ತಕ್ಕಡಿಗೆ ಸುರಿದ ರಿವೆಟ್‌ಗೆ ಪೊಟ್ಟಣವೇ ಇಲ್ಲವಲ್ಲ! ತಾಮ್ರದ್ದು ಎಂದು ಕೊಟ್ಟ ಸರಕಿಗೆ ಅಯಸ್ಕಾಂತ ಹಿಡಿದು ನೋಡಿ. ಟಪ್ಪನೆ ಅಂಟಿಕೊಳ್ಳುತ್ತದೆ. ಒಳಗೆ ಕಬ್ಬಿಣ, ಹೊರಗೆ ತೆಳು ಲೇಪ. ಲೇಪ ಸವೆದ ಮೇಲೆ ಬೆವರಿಗೆ, ನೀರಿಗೆ ಜೇಬಿನ ಮೂಲೆಯಲ್ಲಿ ತುಕ್ಕಿನ ಕಲೆ ಹತ್ತುತ್ತದೆ.

ಹಾಗಾಗಿ ತಾಮ್ರದ ತಂತಿಯಿಂದ ಇಲ್ಲೇ ಮಾಡಿಸಲು ಹೊರಟೆ. ಲೇತ್ ಅಂಗಡಿಯಲ್ಲಿ ಉಕ್ಕಿನ ಪಟ್ಟಿಗೆ ತೂತು ಕೊರೆಸಿ ಅಚ್ಚು ಮಾಡಿಕೊಂಡು, ತಂತಿಯ ತುಂಡನ್ನು ಅದರಲ್ಲಿ ನಿಲ್ಲಿಸಿ ತಲೆ ಬಡಿದೆ. ತಲೆ ಚೆನ್ನಾಗಿಯೇ ಬಂತು. ಆದರೆ ಬಟ್ಟೆಗೆ ಕೂರಿಸಿ, ವಾಷರ್ ಹಾಕಿ, ಆಚೆ ಚಾಚಿದ ತುದಿಯನ್ನು, ಅಂದರೆ ಬಾಲವನ್ನು, ಬಡಿಯುವಾಗ ಅಂಚು ಸೀಳುತ್ತಿತ್ತು. ಮೆಲ್ಲಗೆ ಬಡಿದರೂ ಅದೇ, ತಂತಿ ಬದಲಿಸಿದರೂ ಅದೇ. ಸೀಳಿದ ಅಂಚು ಬೆರಳಿಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಅಂಥದ್ದನ್ನು ಜೇಬಿನೊಳಗೆ ಇಡುವುದು ಹೇಗೆ?

ದಾರಿ ತೋರಿಸಿದವರು ತಾಮ್ರದ ಹಂಡೆ, ಕೊಡಗಳ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರು. ಸೀಳಿದ ರಿವೆಟ್ ಕೈಗೆತ್ತಿಕೊಂಡವರೇ, “ತಮ್ಮಾ, ತಾಮ್ರ ಏಟು ತಿಂದಷ್ಟೂ ಬಿಗಿಯುತ್ತದೆ. ತಲೆ ಮಾಡಿದ ಮೇಲೆ ಕೆಂಪಗೆ ಕಾಯಿಸು, ನೀರಿಗೆ ಹಾಕು, ಆಮೇಲೆ ಬಾಲಕ್ಕೆ ಕೈ ಹಚ್ಚು,” ಎಂದರು. ಕಾಯಿಸಿ ನೀರಿಗೆ ಹಾಕಿದರೆ ಉಕ್ಕು ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಚಿಮಟದಲ್ಲಿ ಹಿಡಿದು ಗ್ಯಾಸ್ ಬರ್ನರಿಗೆ ಒಡ್ಡಿದೆ. ಮಂದ ಕೆಂಪು ಬಂದ ಕೂಡಲೇ ನೀರಿಗೆ ಬಿಟ್ಟೆ. ಮಸಿ ಹಿಡಿದ ರಿವೆಟ್ ಹುಣಸೆಹುಳಿಯಲ್ಲಿ ತಿಕ್ಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆಗೆ ಪಂಚ್ ಹೊಡೆಯಬೇಡಿ, ದಾರ ಕತ್ತರಿಸುತ್ತದೆ. ದಬ್ಬಳದಿಂದ ದಾರ ಸರಿಸಿ ತೂತು ಮಾಡಿ. ವಾಷರ್ ಮೇಲೆ ತಂತಿಯ ದಪ್ಪದಷ್ಟೇ ಬಾಲ ಉಳಿಸಿ ಸುತ್ತ ಸಣ್ಣ ಏಟು ಕೊಟ್ಟೆ. ಬಾಲ ಗುಂಡಗೆ ಹರಡಿತು, ಒಂದೂ ಸೀಳಿಲ್ಲ. ನಾನು ಕುಣಿಯುವುದೊಂದು ಬಾಕಿ.

ತಾಮ್ರವೂ ಹೊರಗಿನದೇ ಅಲ್ಲವೇ ಎಂದು ಕೇಳುವವರಿದ್ದಾರೆ. ತಮಿಳುನಾಡಿನ ತೂತ್ತುಕುಡಿಯ ತಾಮ್ರದ ಸ್ಥಾವರ 2018ರಲ್ಲಿ ಮುಚ್ಚಿದ ಮೇಲೆ ಶುದ್ಧ ತಾಮ್ರದಲ್ಲಿ ನಮ್ಮ ದೇಶದ ರಫ್ತಿಗಿಂತ ಆಮದೇ ಹೆಚ್ಚಾಯಿತು, ನಿಜ. ಅದಿರಿನವರೆಗೆ ಅಗೆಯುತ್ತ ಹೋಗುವುದು ನನ್ನ ಉದ್ದೇಶವಲ್ಲ. ಕೂಲಿ ಯಾರ ಕೈಗೆ ಸೇರಿತು ಎಂಬುದಷ್ಟೇ ನನಗೆ ಮುಖ್ಯ.

1873ರಲ್ಲಿ ರಿವೆಟ್ ಪ್ಯಾಂಟಿಗೆ ಪೇಟೆಂಟ್ ಸಿಕ್ಕಿದ್ದು ಅಮೆರಿಕದಲ್ಲಿ. ಅದೇ ದೇಶದಲ್ಲಿ ಲೀವೈಸ್ ಕಂಪನಿ ಸ್ಯಾನ್ ಆಂಟೋನಿಯೋದ ತನ್ನ ಕೊನೆಯ ಹೊಲಿಗೆ ಘಟಕಗಳನ್ನು ಮುಚ್ಚುವುದಾಗಿ 2003ರಲ್ಲಿ ಹೇಳಿತು. ಗ್ರೀನ್ಸ್‌ಬರೋದಲ್ಲಿ 1905ರಿಂದ ನಡೆದಿದ್ದ ವೈಟ್ ಓಕ್ ಡೆನಿಮ್ ಗಿರಣಿ 2017ರ ಕೊನೆಗೆ ಬಾಗಿಲು ಹಾಕಿತು. ಕೂಲಿ ಅಗ್ಗವಿರುವ ಕಡೆಗೆ ಕೆಲಸ ಹೋಯಿತು. ಬಳ್ಳಾರಿಯ ಕೌಲ್ ಬಜಾರಿನ ದರ್ಜಿಗೂ ಇದು ದೂರದ ಕಥೆಯಲ್ಲ. 2011ರಲ್ಲಿ ಬಾಂಗ್ಲಾದೇಶದ 46 ಜವಳಿ ಬಾಬತ್ತುಗಳಿಗೆ ಭಾರತ ಆಮದು ಸುಂಕ ರದ್ದು ಮಾಡಿತು. ಅಲ್ಲಿ ಹೊಲಿಯುವ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅವರದೂ ಹೊಟ್ಟೆಪಾಡೇ. ಆದರೆ ಪೀಸಿನ ಲೆಕ್ಕದಲ್ಲಿ ದುಡಿಯುವ ನಮ್ಮ ದರ್ಜಿಗೆ ಆರ್ಡರ್ ತಪ್ಪಿದ ವಾರ ಕೂಲಿಯೇ ಇಲ್ಲ. ಅದಕ್ಕಾಗಿ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ.

ಮುಂದಿನದು ಜಾಕೆಟ್! ಬೆನ್ನಿನ ಪಟ್ಟಿಗೆ ಸಂಡೂರಿನ ಲಂಬಾಣಿ ಕಸೂತಿ. ಕನ್ನಡಿ, ಕವಡೆ ಎಲ್ಲ ಇರಬೇಕು, ಹೊಲಿಯುವವರು ಹೇಳಿದ ಕೂಲಿಗೆ ಚೌಕಾಸಿ ಇಲ್ಲ. ಡೆನಿಮ್ ಮೇಲೆ ಆ ಕೆಂಪು, ಆ ಹಳದಿ ನೆನೆಸಿಕೊಂಡೇ ಕೈ ತುರಿಸುತ್ತಿದೆ.

ಅದಕ್ಕೆ ಮುಂಚೆ ಈ ಪ್ಯಾಂಟ್ ಮುಗಿಯಬೇಕು. ಎಡಜೇಬಿನ ರಿವೆಟ್‌ಗಳು ಕಾಯಿಸಿ ಸಿದ್ಧವಾಗಿವೆ. ಸೊಂಟದ ಗುಂಡಿ ಉಳಿದಿದೆ. ತಿರುಗುವ ಕತ್ತಿನದು, ಹಿತ್ತಾಳೆಯದು ಬೇಕು. ಇಲ್ಲಿಯೇ ತಯಾರಿಸುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಅಯಸ್ಕಾಂತ ಹಿಡಿದು ನೋಡಿಯೇ ತಿಳಿಸಿ.