28 ಗಂಟೆಯ ಲೆಕ್ಕ

ಜಪಾನಿನ ಫುಕುಓಕಾ ನಗರದ ಒಂದು ಜಪಾನಿ ಭಾಷಾ ಶಾಲೆಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪ್ರವೇಶದ ಕಾಗದಪತ್ರಗಳನ್ನೂ, ಅವರು ಬಂದ ಮೇಲಿನ ಕಷ್ಟಸುಖಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಹಾಸನದವಳು, ಬೆಂಗಳೂರಿನಲ್ಲಿ ಜಪಾನಿ ಕಲಿತು, ಕೆಲವು ವರ್ಷ ಅನುವಾದ ಮಾಡಿಕೊಂಡಿದ್ದು ಆಮೇಲೆ ಇಲ್ಲಿಗೆ ಬಂದೆ. ನನ್ನನ್ನು ಈ ಹುದ್ದೆಗೆ ಆರಿಸಿದ್ದು ನನ್ನ ಜಪಾನಿಗಿಂತ ಹೆಚ್ಚಾಗಿ ಹಿಂದಿಯನ್ನು ನೋಡಿ ಎಂಬುದು ನನಗೆ ಮೊದಲ ವಾರದಲ್ಲೇ ತಿಳಿಯಿತು, ಏಕೆಂದರೆ ನಮ್ಮ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೇಪಾಳದವರು. ಇದು ನಮ್ಮ ಶಾಲೆಯೊಂದರ ಮಾತಲ್ಲ. 2024ರ ಮೇ ತಿಂಗಳ ಎಣಿಕೆಯಲ್ಲಿ ಜಪಾನಿನಲ್ಲಿ ಓದುತ್ತಿದ್ದ ನೇಪಾಳಿಗಳ ಸಂಖ್ಯೆ 64 ಸಾವಿರ ದಾಟಿ, ಚೀನಾದವರ ನಂತರದ ಸ್ಥಾನ ಅವರದಾಗಿತ್ತು.

ಈಗ ಹೇಳಹೊರಟಿರುವುದು ನನ್ನದೇ ತಪ್ಪಿನಿಂದ ಕಲಿತ ಒಂದು ಸಂಗತಿ.

ವಿದ್ಯಾರ್ಥಿ ವೀಸಾದಲ್ಲಿ ಬಂದವರು ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅದಕ್ಕೂ ಪ್ರತ್ಯೇಕ ಅನುಮತಿ ಬೇಕು; ಹೆಚ್ಚಿನವರು ಅದನ್ನು ವಿಮಾನ ನಿಲ್ದಾಣದಲ್ಲೇ ನಿವಾಸ ಕಾರ್ಡಿನ ಜೊತೆಗೆ ಪಡೆದುಕೊಳ್ಳುತ್ತಾರೆ. ಶಾಲೆಯ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆಯವರೆಗೆ ಅವಕಾಶವಿದೆ. ಪ್ರತಿ ತಂಡ ಬಂದಿಳಿದ ಮೊದಲ ವಾರದಲ್ಲಿ ನಾನು ಈ ನಿಯಮವನ್ನು ಜಪಾನಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ವಿವರಿಸಿ, ಅರ್ಥವಾಯಿತೇ ಎಂದು ಕೇಳುತ್ತಿದ್ದೆ. ಮುಂದಿನ ಸಾಲಿನಿಂದ "ಹಾಯ್" ಎಂದೂ, ಹಿಂದಿನ ಸಾಲಿನಿಂದ "ಹಜುರ್" ಎಂದೂ ಉತ್ತರ ಬರುತ್ತಿತ್ತು. ನಾನು ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಹಾಕಿಸಿಕೊಂಡು ಕಡತ ಮುಚ್ಚುತ್ತಿದ್ದೆ.

ಜಪಾನಿಯ "ಹಾಯ್" ಎಷ್ಟೋ ಸಲ ಹೌದು ಎಂಬ ಅರ್ಥ ಕೊಡುವುದಕ್ಕಿಂತ ಹೆಚ್ಚಾಗಿ, ನಿಮ್ಮ ಮಾತು ಕಿವಿಗೆ ಬೀಳುತ್ತಿದೆ ಎಂಬುದನ್ನು ಹೇಳುತ್ತದೆ. ನೇಪಾಳಿಯ "ಹಜುರ್" ಕೂಡ ಹಾಗೆಯೇ; ಹಿರಿಯರು ಮಾತಾಡುವಾಗ ನಡುನಡುವೆ ಬರುವ ಮರ್ಯಾದೆಯ ಓಗೊಡುವಿಕೆ ಅದು. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ಕಥೆಯನ್ನೇ ನಿಲ್ಲಿಸುತ್ತಿದ್ದಳು, ಆದರೆ ಹೂಂಗುಟ್ಟಿದ ಮೊಮ್ಮಗಳು ಅರ್ಧ ನಿದ್ದೆಯಲ್ಲಿರುತ್ತಿದ್ದಳೆಂಬುದು ಅಜ್ಜಿಗೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ನಾನು ಆ "ಹಾಯ್"ಗಳನ್ನು ಒಪ್ಪಿಗೆಯೆಂದೇ ಎಣಿಸಿದೆ.

2024ರ ಏಪ್ರಿಲ್‌ನಲ್ಲಿ ನೇಪಾಳದ ಚಿತವನದಿಂದ ಬಂದ ಒಬ್ಬ ಹುಡುಗನಿದ್ದ. ತರಗತಿಗೆ ತಪ್ಪದೆ ಬರುತ್ತಿದ್ದ, ಮನೆಗೆಲಸದ ಹಾಳೆಗಳನ್ನು ಅಚ್ಚುಕಟ್ಟಾಗಿ ಒಪ್ಪಿಸುತ್ತಿದ್ದ. ತರಗತಿಯಲ್ಲಿ ನನ್ನನ್ನು "ಸೆನ್ಸೇ" (ಟೀಚರ್) ಎಂದೂ, ಹೊರಗೆ ಸಿಕ್ಕರೆ "ದಿದಿ" (ಅಕ್ಕ) ಎಂದೂ ಕರೆಯುತ್ತಿದ್ದ. ಮರುವರ್ಷದ ಮೇ ತಿಂಗಳಲ್ಲಿ ಅವನ ವೀಸಾ ನವೀಕರಣದ ಅರ್ಜಿಗಾಗಿ ಸಂಬಳದ ಚೀಟಿಗಳನ್ನು ತರಿಸಿಕೊಂಡು ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಬೆಂತೋ ಊಟದ ಡಬ್ಬಿ ತುಂಬುವ ಕಾರ್ಖಾನೆಯದು ಒಂದು ಚೀಟಿ, ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸದ್ದು ಇನ್ನೊಂದು. ಎರಡನ್ನೂ ದಿನವಾರು ಕೂಡಿಸಿದರೆ ಕೆಲವು ಕಡೆ ಏಳು ದಿನಕ್ಕೆ 40 ಗಂಟೆ ಬರುತ್ತಿತ್ತು.

ಪ್ರತಿ ಕೆಲಸದ ಸ್ಥಳಕ್ಕೂ ಬೇರೆ ಬೇರೆ 28 ಗಂಟೆ ಎಂದು ತಿಳಿಯುವವರಿದ್ದಾರೆ, ಇವನೂ ಹಾಗೆಯೇ ಮಾಡಿದನೇನೋ ಎಂದುಕೊಂಡು ಕರೆಸಿ ಕೇಳಿದೆ. ಅವನು ಗಾಬರಿಯಾಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಹಿಂಬದಿಯ ಪುಟಗಳಲ್ಲಿ ಗೆರೆ ಎಳೆದು ಬರೆದಿಟ್ಟ ಕೋಷ್ಟಕವನ್ನು ತೋರಿಸಿದ. ದೇವನಾಗರಿಯಲ್ಲಿ ಬರೆದ ವಾರಗಳು. ಮೊದಲ ಮನೆ ಆಇತಬಾರ, ಕೊನೆಯದು ಶನಿಬಾರ. ನಮ್ಮ ಹಳ್ಳಿಗಳ ಐತವಾರವೇ ಅದು, ಹಾಗಾಗಿ ನನಗೆ ಓದುವುದಕ್ಕೆ ತೊಂದರೆಯಾಗಲಿಲ್ಲ. ಒಂದು ವಾರದಲ್ಲಿ ಸೋಮ, ಮಂಗಳ ತಲಾ 4 ಗಂಟೆ, ಗುರುವಾರ 5, ಶುಕ್ರವಾರ 7, ಶನಿವಾರ 8: ಒಟ್ಟು 28. ಮರುವಾರ ಭಾನುವಾರ 8, ಸೋಮ, ಮಂಗಳ ತಲಾ 6, ಶುಕ್ರ, ಶನಿ ತಲಾ 4: ಮತ್ತೆ 28. ಎರಡು ಕೆಲಸಗಳನ್ನೂ ಸೇರಿಸಿಯೇ ಕೂಡಿದ್ದಾನೆ, ಪ್ರತಿ ಸಾಲಿನ ಕೊನೆಯಲ್ಲೂ 28 ಎಂದು ಬರೆದು ಸುತ್ತು ಹಾಕಿದ್ದಾನೆ.

ಆದರೆ ನಿಯಮದಲ್ಲಿರುವ ವಾರ ಪಂಚಾಂಗದ ವಾರವಲ್ಲ. ಯಾವ ದಿನದಿಂದ ಎಣಿಸಿದರೂ ಮುಂದಿನ ಏಳು ದಿನಗಳ ಮೊತ್ತ 28ನ್ನು ಮೀರಬಾರದು. ಅವನ ಕೋಷ್ಟಕದಲ್ಲಿ ಮೊದಲ ವಾರದ ಗುರುವಾರದಿಂದ ಮರುವಾರದ ಬುಧವಾರದವರೆಗೆ ಬೆರಳಿಟ್ಟು ಎಣಿಸಿದರೆ 5, 7, 8, 8, 6, 6 ಸೇರಿ 40. ಅವನು ಬೆಳೆದ ಕಾಲಕ್ಕೆ ನೇಪಾಳದಲ್ಲಿ ವಾರದ ರಜೆ ಶನಿವಾರವಾಗಿತ್ತು. ಅಲ್ಲಿ ಬೆಳೆದವನಿಗೆ ಶನಿವಾರಕ್ಕೆ ಒಂದು ವಾರ ಮುಗಿದು ಭಾನುವಾರಕ್ಕೆ ಹೊಸ ಲೆಕ್ಕ ಶುರುವಾಗುವುದು ಸಹಜ. ನಾನು ಹೇಳಿದ ಮಾತನ್ನು ಅವನು ಅಕ್ಷರಶಃ ಪಾಲಿಸಿದ್ದ. ನಾನು "ವಾರಕ್ಕೆ" ಎಂದು ಹೇಳಿ ಸುಮ್ಮನಾಗಿದ್ದೆ.

ಅವನು ಆ ನೋಟ್‌ಬುಕ್ಕನ್ನು ಮಡಚುತ್ತಾ, "ದಿದಿ, ಆವತ್ತು ನೀವು ಕೇಳಿದ್ದಿದ್ದರೆ ನಾನು ಇದನ್ನು ಆವತ್ತೇ ತೋರಿಸುತ್ತಿದ್ದೆ" ಎಂದ. ಅದರಲ್ಲಿ ದೂರೇನೂ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಟಿತು.

ವಲಸೆ ಕಚೇರಿಗೆ ತಪ್ಪೊಪ್ಪಿಗೆಯ ಪತ್ರವನ್ನು ಅವನು ಬರೆದ. ನಿಯಮವನ್ನು ಪೂರ್ತಿಯಾಗಿ ವಿವರಿಸದ ಹೊಣೆ ಶಾಲೆಯದೆಂದು ಇನ್ನೊಂದು ಪತ್ರವನ್ನು ನಾನು ಬರೆದೆ. ನಮ್ಮ ಮುಖ್ಯಸ್ಥರು ಆ ವಾಕ್ಯವನ್ನು ಎರಡು ಸಲ ಓದಿ, ಏನೂ ಹೇಳದೆ ಮೊಹರು ಒತ್ತಿದರು. ವೀಸಾ ನವೀಕರಣವಾಯಿತು, ಆದರೆ ಸಹಪಾಠಿಗಳಿಗೆ ಸಿಕ್ಕಷ್ಟು ಅವಧಿಗಲ್ಲ. ಕೇವಲ 6 ತಿಂಗಳಿಗೆ. ಮುಂದೆ ಉದ್ಯೋಗದ ವೀಸಾಕ್ಕೆ ಬದಲಾಯಿಸಿಕೊಳ್ಳುವಾಗ ತೆರಿಗೆಯ ಪ್ರಮಾಣಪತ್ರ ಕೊಡಬೇಕಾಗಬಹುದು, ವಿದ್ಯಾರ್ಥಿಯಾಗಿದ್ದಾಗ ಎಷ್ಟು ಗಳಿಸಿದ್ದ ಎಂಬುದು ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಎಷ್ಟೋ ಮಂದಿಗೆ ಹಳೆಯ ಗಂಟೆಗಳು ಮೂರು ನಾಲ್ಕು ವರ್ಷಗಳ ಬಳಿಕ ಅಡ್ಡ ಬರುವುದು ಹೀಗೆ.

ಅಂದಿನಿಂದ ನಾನು ಅರ್ಥವಾಯಿತೇ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಮೊದಲ ವಾರದಲ್ಲೇ ಎಲ್ಲರಿಗೂ 14 ಮನೆಗಳಿರುವ ಹಾಳೆಯನ್ನು ಕೊಟ್ಟು, ಎರಡು ವಾರದ ಪಾಳಿಯನ್ನು ಅವರಿಂದಲೇ ತುಂಬಿಸಿ, ಏಳು ಮನೆಗಳಷ್ಟು ಅಗಲದ ರಟ್ಟಿನ ಚೌಕಟ್ಟನ್ನು ಅದರ ಮೇಲೆ ಒಂದೊಂದೇ ಮನೆ ಸರಿಸುತ್ತಾ ಕೂಡಿಸಲು ಹೇಳುತ್ತೇನೆ. ಹತ್ತು ನಿಮಿಷದಲ್ಲಿ ಮೂರು ನಾಲ್ಕು ಮಂದಿಯ ಕೈ ನಿಂತುಬಿಡುತ್ತದೆ. ಆಗ ಬರುವ ಪ್ರಶ್ನೆಗಳೇ ನಿಜವಾದ ಪ್ರಶ್ನೆಗಳು. "ಮೋ ಇಚಿದೊ ಒನೆಗಾಯ್ ಶಿಮಾಸ್", ಅಂದರೆ ಇನ್ನೊಮ್ಮೆ ಹೇಳಿ ಎಂಬ ವಾಕ್ಯವನ್ನು ನಾಚಿಕೆಯಿಲ್ಲದೆ ಬಳಸುವ ಅಭ್ಯಾಸವನ್ನೂ ಅದೇ ದಿನ ಮಾಡಿಸುತ್ತೇನೆ.

ಈ ಪಾಠ ಕ್ರಮೇಣ ಪ್ರವೇಶದ ಸಂದರ್ಶನಕ್ಕೂ ಹಬ್ಬಿತು. ಏಪ್ರಿಲ್‌ನಲ್ಲಿ ಸೇರಬೇಕಾದವರಿಗೆ ವೀಸಾಕ್ಕೂ ಮೊದಲು ಜಪಾನಿನ ವಲಸೆ ಇಲಾಖೆಯಿಂದ ಸಿಗಬೇಕಾದ ಅರ್ಹತಾ ಪ್ರಮಾಣಪತ್ರಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಶಾಲೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ವಿಡಿಯೋ ಕರೆಯಲ್ಲಿ ಸಂದರ್ಶನ ನಡೆಯುತ್ತದೆ. ಕಾಠ್ಮಂಡುವಿನ ಪುತಲಿಸಡಕ್, ಬಾಗ್‌ಬಜಾರ್ ಕಡೆಯ ಕನ್ಸಲ್ಟೆನ್ಸಿಗಳಲ್ಲಿ, ಅಂದರೆ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಏಜೆನ್ಸಿಗಳಲ್ಲಿ, ಕುಳಿತು ಮಾತಾಡುವ ಮಕ್ಕಳ ಉತ್ತರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಜಪಾನಿನ ಶಿಸ್ತು, ಜಪಾನಿನ ತಂತ್ರಜ್ಞಾನ, ಮರಳಿ ಹೋಗಿ ದೇಶಸೇವೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ನಾವು ಕೇಳುವ ಪ್ರಶ್ನೆಗಳೂ ಅಚ್ಚಿನವೇ. ನಾನೀಗ ಕಾಗದ ಪೆನ್ನು ತೆಗೆದುಕೊಳ್ಳಲು ಹೇಳುತ್ತೇನೆ.

ಲೆಕ್ಕ ಸರಳವಾದದ್ದು. 2024ರ ಅಕ್ಟೋಬರ್‌ನಿಂದ ಫುಕುಓಕಾದಲ್ಲಿ ಗಂಟೆಗೆ ಕನಿಷ್ಠ ಕೂಲಿ 992 ಯೆನ್ ಇತ್ತು. ವಾರಕ್ಕೆ 28 ಗಂಟೆಯಂತೆ ನಾಲ್ಕು ವಾರಕ್ಕೆ 1,11,104 ಯೆನ್. ಮೊದಲ ವರ್ಷದ ಶುಲ್ಕವನ್ನು ಬರುವ ಮೊದಲೇ ಕಟ್ಟಿರುತ್ತಾರೆ, ಆದರೆ ಎರಡನೆಯ ವರ್ಷದ 7,80,000ವನ್ನು ಇಲ್ಲಿಯೇ ಕೂಡಿಡಬೇಕೆಂದಾದರೆ ತಿಂಗಳಿಗೆ 65,000 ಬದಿಗಿಡಬೇಕು. ಉಳಿಯುವುದು 46,104. ಇಬ್ಬರು ಮೂವರು ಹಂಚಿಕೊಂಡ ಕೋಣೆಯ ಪಾಲು 25,000 ಎಂದರೆ, ಊಟ, ಫೋನು, ವಿದ್ಯುತ್ತು, ರೈಲಿನ ಪಾಸು, ಆರೋಗ್ಯ ವಿಮೆಯ ಕಂತು ಎಲ್ಲಕ್ಕೂ ಸೇರಿ 21,104. ಇಲ್ಲಿಗೆ ಬರಲು ಮಾಡಿದ ಸಾಲ ತೀರಿಸುವ ಮಾತನ್ನು ನಾನಿನ್ನೂ ಎತ್ತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಶೇ. 25 ಹೆಚ್ಚು ಕೂಲಿ ಸಿಗುವುದರಿಂದ ಅದೇ 992, 1,240 ಆಗುತ್ತದೆ. ಮಕ್ಕಳು ರಾತ್ರಿಯ ಪಾಳಿಗೆ ಏಕೆ ಮುಗಿಬೀಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಬೆಳಗಿನ ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟವರನ್ನು ಎಬ್ಬಿಸುವಾಗ ಅವರ ತೋಳಿನಿಂದ ಬೆಂತೋ ಕಾರ್ಖಾನೆಯ ಸೋಂಕುನಾಶಕದ ವಾಸನೆ ಬರುತ್ತದೆ.

ಭಾಷೆಯ ಮಟ್ಟವೂ ಇದೇ ಲೆಕ್ಕದೊಳಗೆ ಬರುತ್ತದೆ. ಅರ್ಜಿಗೆ ಜಪಾನಿ ಭಾಷಾ ಪರೀಕ್ಷೆಯ ಅತಿ ಕೆಳಗಿನ ಎನ್5 ಮಟ್ಟ, ಅಂದರೆ ಸುಮಾರು 150 ಗಂಟೆಯ ಕಲಿಕೆ, ಸಾಕೆನ್ನುತ್ತಾರೆ. ಅಷ್ಟರಲ್ಲಿ ಸಿಗುವುದು ಮಾತು ಬೇಕಿಲ್ಲದ ಕೆಲಸ. ಮಾತು ಬೇಕಿಲ್ಲದ ಕೆಲಸದಲ್ಲಿ ಮಾತು ಬೆಳೆಯುವುದಿಲ್ಲ. ಊರಿನಲ್ಲೇ ಇನ್ನಾರು ತಿಂಗಳು ಕುಳಿತು ಅದರ ಮೇಲಿನ ಎನ್4 ದಾಟಿ ಬಂದವರು ಅಂಗಡಿಯ ಕೌಂಟರಿಗೆ ಬೇಗ ತಲುಪುವುದನ್ನು ನಾನು ನೋಡಿದ್ದೇನೆ. ಕನ್ಸಲ್ಟೆನ್ಸಿಯವರಿಗೆ ಈ ಸಲಹೆ ರುಚಿಸುವುದಿಲ್ಲ. ನಮ್ಮ ಶಾಲೆಗೂ ಅಷ್ಟೇನೂ ರುಚಿಸಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಏಪ್ರಿಲ್‌ನ ಸೀಟು ಖಾಲಿ ಉಳಿದರೆ ಅದರ ವಿವರಣೆ ಕೊಡಬೇಕಾದವಳು ನಾನೇ.

ಹೋದ ಸಲದ ಸಂದರ್ಶನದಲ್ಲಿ ಬುಟವಲ್ ಕಡೆಯ ಒಬ್ಬ ಹುಡುಗಿ ಈ ಲೆಕ್ಕವನ್ನು ಪೂರ್ತಿ ಬರೆದು ಮುಗಿಸಿ, ಪರೀಕ್ಷೆಯ ವಾರ ಕೆಲಸಕ್ಕೆ ಹೋಗದಿದ್ದರೆ ಆ ತಿಂಗಳು ಏನು ಮಾಡುವುದು ಎಂದು ಕೇಳಿದಳು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಪರದೆಯ ಅಂಚಿನಲ್ಲಿ ಅಷ್ಟು ಹೊತ್ತು ಬರಿಯ ಭುಜ ಮಾತ್ರ ಕಾಣುತ್ತಿದ್ದ ಅವಳ ತಂದೆ ಮುಂದಕ್ಕೆ ಬಾಗಿ, ಆ ಕಾಗದವನ್ನು ಮಗಳ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೂಡಿಸತೊಡಗಿದರು. ನಾವಿಬ್ಬರೂ ಕಾದೆವು. ಅವರು ಏಪ್ರಿಲ್ ಬೇಡ, ಅಕ್ಟೋಬರ್‌ಗೆ ನೋಡೋಣ ಎಂದರು; ನಾನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿನ ತಿಂಗಳನ್ನು ತಿದ್ದಿದೆ.